ಮಾವನೆದುರಿನ ಸಂದರ್ಶನ

ತಂಗಡಗಿ, ತಾ. ಮುದ್ದೇಬಿಹಾಳ
8 ಜನವರಿ 2025

ಗುರುಲಿಂಗಪ್ಪ ಕಾಕಾ ಅವರಿಗೆ ನಿಷತಳ ನಮಸ್ಕಾರಗಳು.

ಮಸೂತಿಯ ವಿದ್ಯಾವತಿಯ ಅರ್ಜಿ ತಿರಸ್ಕಾರವಾಗಿದೆ. ಈ ಸುದ್ದಿ ತಿಳಿಸಿದವರು ಬಳಗದ ಬಸವನ ಬಾಗೇವಾಡಿ ಕಚೇರಿಯ ಗುಮಾಸ್ತ ಮುಕ್ತಾರ, ಆಯ್ಕೆ ಸಮಿತಿಯ ಮುಖ್ಯಸ್ಥರಾದ ನೀವಲ್ಲ. ಊರ ರಾಯಭಾರಿಗಳಾಗಿ ಆಯ್ಕೆಯಾದವರ ಹೆಸರುಗಳನ್ನು ಗೋಡೆಗೆ ಅಂಟಿಸುವಾಗ ಅವರು ನನಗೆ ಫೋನ್ ಮಾಡಿ, "ಸಿಸ್ಟರ್, ನಿಮ್ಮ ಹುಡುಗಿ ಹೆಸರ ಇದರಾಗ ಇಲ್ಲಲ್ರಿ, ಪ್ರಿಂಟಿನ್ಯಾಗ ಬಿಟ್ಟೈತೇನು?" ಎಂದು ಕೇಳಿದರು. ಪ್ರಿಂಟಿನಲ್ಲಿ ಬಿಟ್ಟಿಲ್ಲ. ಬಿಟ್ಟವರು ನೀವು.

ಅಭ್ಯರ್ಥಿಗಳನ್ನು ತಯಾರು ಮಾಡುವುದು ನನ್ನ ಪಾಲಿನ ಕೆಲಸ, ಅವರನ್ನು ಸೋಸುವುದು ನಿಮ್ಮದು. ನಮ್ಮ ಕ್ಯಾನ್ಸರ್ ನೆರವು ಬಳಗ ಶುರುವಾದಾಗಿನಿಂದ ನಾನು ನಿಮ್ಮ ತೀರ್ಮಾನಕ್ಕೆ ಅಡ್ಡ ಬಂದಿಲ್ಲ. ಸಿಂದಗಿ ತಾಲೂಕಿನಲ್ಲಿ ನೀವು ನನ್ನ ಇಬ್ಬರು ಹುಡುಗಿಯರನ್ನು ಕೈಬಿಟ್ಟಾಗಲೂ ಸುಮ್ಮನಿದ್ದೆ, ಯಾಕೆಂದರೆ ಅಲ್ಲಿ ನಿಮ್ಮ ಮಾತು ಸರಿ ಇತ್ತು. ಈಗ ಸರಿ ಇಲ್ಲ.

ಎದೆಯ ಗಂಟಿನ ತಪಾಸಣೆಗೆ ಹೆಣ್ಣುಮಕ್ಕಳನ್ನು ಒಪ್ಪಿಸಿ ಕರೆತರುವುದು ರಾಯಭಾರಿಯ ಕೆಲಸ. ಇದಕ್ಕೆ ವಿದ್ಯಾವತಿಯಷ್ಟು ತಕ್ಕವಳನ್ನು ನಾನು ಕಂಡಿಲ್ಲ. ಬಳಗ ಕೊಟ್ಟ ಬಣ್ಣದ ಚಿತ್ರಗಳನ್ನು ಆಕೆ ಮಡಚಿಟ್ಟಳು. ಹಳೆಯ ಸೀರೆಯ ಬಟ್ಟೆಯಿಂದ ಅಂಗೈಯಷ್ಟು ಚೀಲ ಹೊಲಿದು, ಹತ್ತಿ ತುಂಬಿ, ಒಳಗೆ ಒಂದು ತೊಗರಿ ಕಾಳು ಇಟ್ಟಳು. ತೊಗರಿ ಬಿಡಿಸಲು ಕೂತ ಹೆಂಗಸರ ಕೈಗೆ ಅದನ್ನು ಕೊಟ್ಟು ಹೇಳುವುದನ್ನು ನಾನೇ ಕೇಳಿದ್ದೇನೆ: "ಯವ್ವಾ, ಬೆರಳಿಲೆ ಒತ್ತಿ ನೋಡ್ರಿ. ಕಾಳ ಸಿಕ್ಕಿತಿಲ್ಲೋ? ಸಿಕ್ಕರ ಸಿಕ್ಕಿತು ಅನ್ರಿ, ನಾಚಿಕಿ ಯಾಕ? ಕಾಳೇನ ಕದ್ದೀರೇನು?" ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕವರು ಆಮೇಲೆ ಒಬ್ಬೊಬ್ಬರಾಗಿ ಆಕೆಯ ಪಕ್ಕಕ್ಕೆ ಸರಿದು ಕೂತರು.

ಕಾರಣವನ್ನು ಬರವಣಿಗೆಯಲ್ಲಿ ಕೊಡಿ. ಫೋನ್ ಬೇಡ. ಫೋನಿನಲ್ಲಿ ನೀವು "ನೋಡೂಣ ತಗೋ ತಂಗಿ" ಅನ್ನುತ್ತೀರಿ, ಮಾತು ಅಲ್ಲಿಗೇ ಮುಗಿಯುತ್ತದೆ.

ನಿಷತ


ಇಂಡಿ
13 ಜನವರಿ 2025

ತಂಗಿ ನಿಷತಳಿಗೆ ಆಶೀರ್ವಾದಗಳು.

ಪತ್ರದ ಬಿಸಿ ಕೈಗೆ ತಾಗಿತು. ಬರೆದೇ ತಿಳಿಸಿ ಎಂದು ನೀನು ಕೇಳಿದೆ, ತಿಳಿಸುತ್ತೇನೆ.

ಎಳ್ಳು ಅಮಾವಾಸ್ಯೆಗೆ ಮೂರ್ನಾಲ್ಕು ದಿನ ಮೊದಲು ಮಸೂತಿಗೆ ಹೋಗಿದ್ದೆ. ಪದ್ಧತಿಯಂತೆ ಮೊದಲು ಮನೆಯ ಹಿರಿಯ, ವಿದ್ಯಾವತಿಯ ಮಾವ ಸಿದರಾಯ ಅವರನ್ನು ಕಂಡೆ. ಅವರು ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಯಾಕೆ ಬಂದೆ ಎಂದು ಹೇಳಿದೆ. "ಕೇಳ್ರಿ ಸಾಹೇಬ್ರ, ಏನ ಬೇಕಾದ್ದ ಕೇಳ್ರಿ, ನಮ್ಮ ಸೊಸಿ ಶಾಣ್ಯಾಕಿ" ಎಂದು ಆಕೆಯನ್ನು ಕರೆದರು. ಆಕೆ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಹಿಂದೆ ನಿಂತಳು. ನಾನು ಒಂದೊಂದಾಗಿ ಕೇಳುತ್ತಾ ಹೋದೆ. ಗಂಟಿನ ಲಕ್ಷಣಗಳೇನು, ಯಾವ ವಯಸ್ಸಿನವರು ತಪಾಸಣೆ ಮಾಡಿಸಬೇಕು, ಹೆದರುವವರಿಗೆ ಏನು ಹೇಳುತ್ತೀ. ಒಂದಕ್ಕೂ ಉತ್ತರವಿಲ್ಲ. "ಹೇಳವ್ವಾ, ಸಾಹೇಬ್ರು ಅಷ್ಟ ದೂರಲಿಂದ ಬಂದಾರು" ಎಂದು ಮಾವನೂ ಹೇಳಿದರು. ಆಕೆ ಒಳಗೆ ಹೋಗಿ ಚಹಾ ಕಳಿಸಿದಳು.

ಅದೇ ಊರಿನ ಅನಿಲ ಎಂಬ ಹುಡುಗನೂ ಅರ್ಜಿ ಹಾಕಿದ್ದ. ಅದೇ ಪಡಸಾಲೆಗೆ ಬಂದು, ಅದೇ ಸಿದರಾಯ ಅವರು ಕೂತಿರುವಾಗ, ಕ್ಯಾನ್ಸರ್ ಎಂದರೇನು, ಸರ್ಕಾರದ ಯೋಜನೆಗಳು ಯಾವುವು ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಮಾತಿಗೆ ಹತ್ತು ಅಂಕ ಇವೆ. ಮಾತನಾಡದವಳಿಗೆ ನಾನು ಎಷ್ಟು ಕೊಡಲಿ?

ನಾನು ಮೂವತ್ತು ವರ್ಷ ಆರೋಗ್ಯ ನಿರೀಕ್ಷಕನಾಗಿ ಮನೆಮನೆಗೆ ಹೋಗಿ ಜ್ವರ ಕೇಳಿದವನು. ಜನರೆದುರು ಬಾಯಿ ಬಿಡಲಾಗದವರು ಈ ಕೆಲಸಕ್ಕೆ ಆಗುವುದಿಲ್ಲ. ಆರು ತಿಂಗಳು ಕಲಿಸಿದೆಯಲ್ಲ, ಹಿರಿಯರೆದುರು ನಿಂತು ನಾಲ್ಕು ಮಾತಾಡುವುದನ್ನು ಯಾಕೆ ಕಲಿಸಲಿಲ್ಲ? ಸಿಟ್ಟು ಮಾಡುವ ಮೊದಲು ಇದಕ್ಕೆ ಉತ್ತರ ಕೊಡು.

ಸಂಕ್ರಮಣದ ಶುಭಾಶಯ.

ಗುರುಲಿಂಗಪ್ಪ


ತಂಗಡಗಿ
17 ಜನವರಿ 2025

ಗುರುಲಿಂಗಪ್ಪ ಕಾಕಾ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಂಬಲಿಲ್ಲ.

ಸೊಸೆಯಾದವಳನ್ನು ಮಾವನೆದುರು ನಿಲ್ಲಿಸಿ, ಎದೆಯ ಗಂಟಿನ ಲಕ್ಷಣ ಹೇಳು ಎಂದು ಕೇಳಿದಿರಿ. ಆಕೆ ಸುಮ್ಮನಾದಳು ಎಂದು ಅಂಕ ಕಳೆದಿರಿ. ನೀವು ಹೊರಗಿನವರಲ್ಲ. ಇಂಡಿಯಲ್ಲಿ ಹುಟ್ಟಿ ಬೆಳೆದವರು. ನಿಮ್ಮ ಮನೆಯಲ್ಲಿ ಇಬ್ಬರು ಸೊಸೆಯರಿದ್ದಾರೆ. ನೀವು ಪಡಸಾಲೆಗೆ ಬಂದರೆ ಅವರ ದನಿ ಅಡುಗೆಮನೆ ದಾಟುತ್ತದೆಯೇ? ಹೋಗಿ ಕೇಳಿ ನೋಡಿ, ಇದೇ ಪ್ರಶ್ನೆಗಳನ್ನು. ಅವರು ಎಷ್ಟು ಅಂಕ ತೆಗೆಯುತ್ತಾರೆ ಎಂದು ನನಗೂ ತಿಳಿಸಿ. ನಮ್ಮ ಮನೆಯಲ್ಲೂ ಬೇರೆ ರೀತಿ ಇಲ್ಲ. ನಾನು ನರ್ಸಾಗಿ ಹೆರಿಗೆ ವಾರ್ಡಿನಲ್ಲಿ ಗಂಡಸು ಡಾಕ್ಟರರನ್ನು ಗದರಿಸಿದವಳು, ಆದರೆ ಮಾವ ಇರುವತನಕ ಅವರೆದುರು ಉಪ್ಪು ಬೇಕೇ ಎಂದೂ ಕೇಳಿದವಳಲ್ಲ.

ಹಿರಿಯರಿಗೆ ಮರ್ಯಾದೆ ಕೊಟ್ಟಿರಿ. ಕೊಡಬೇಕು. ಮರ್ಯಾದೆ ಕೊಟ್ಟು, ಚಹಾ ಕುಡಿದು, ಎದ್ದು ಹಿತ್ತಲಿಗೆ ಹೋಗಿ ಹೆಂಗಸರ ನಡುವೆ ಆಕೆಯನ್ನು ಮಾತಾಡಿಸಿದ್ದರೆ ಏನಾಗುತ್ತಿತ್ತು? ಕನ್ನೊಳ್ಳಿಯ ಅಭ್ಯರ್ಥಿ ಗೌಸಬಿಗೆ ಮಾತಿಗೆ ಒಂಬತ್ತು ಅಂಕ ಕೊಟ್ಟವರು ನೀವೇ. ಆಕೆಯನ್ನು ಹೊಲಿಗೆ ಅಂಗಡಿಯಲ್ಲಿ ಕಂಡಿರಿ, ಆಕೆಯ ಮಾವ ತೀರಿಹೋಗಿ ಬಹಳ ವರ್ಷ ಆಗಿದೆ. ಇಬ್ಬರ ನಡುವಿನ ವ್ಯತ್ಯಾಸ ಅಷ್ಟೇ.

ಯಾಕೆ ಕಲಿಸಲಿಲ್ಲ ಎಂದು ಕೇಳಿದ್ದೀರಿ. ಬೇಕೆಂದೇ ಕಲಿಸಲಿಲ್ಲ. ಅಂದು ಆಕೆ ಮಾವನೆದುರು ಆ ಮಾತು ಆಡಿದ್ದರೆ ನಿಮ್ಮ ಹತ್ತು ಅಂಕ ಸಿಗುತ್ತಿದ್ದವು, ಮರುದಿನದಿಂದ ಮನೆಯ ಹೊಸ್ತಿಲು ದಾಟಲು ಸಿಗುತ್ತಿರಲಿಲ್ಲ. ಓಣಿಯ ಹೆಂಗಸರೂ ಆಕೆಯನ್ನು ದೂರ ಇಡುತ್ತಿದ್ದರು. ಮಾನ ಬಿಟ್ಟವಳ ಹತ್ತಿರ ಯಾರು ತಮ್ಮ ಮಾನದ ಮಾತು ಹೇಳುತ್ತಾರೆ?

ಅನಿಲ ಕೆಟ್ಟ ಹುಡುಗನಲ್ಲ. ಗಣಪತಿ ಕೂಡಿಸಿದಾಗ ಮೈಕ್ ಹಿಡಿದು ಚಂದಾ ಕೂಗುವವನು. ಯಾವ ಹೆಂಗಸು ಅವನ ಮುಂದೆ ತನ್ನ ಎದೆಯ ಮಾತು ಎತ್ತುತ್ತಾಳೆ, ಹೇಳಿ.

ಇಷ್ಟು ಬರೆಯಲು ಕಾರಣ ಬೇರೆ ಇದೆ. ಮಸೂತಿಯಲ್ಲಿ ಒಬ್ಬ ಹಿರಿಯ ಹೆಂಗಸಿಗೆ ಗಂಟು ಇದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ವಿದ್ಯಾವತಿಗೆ ಮಾತ್ರ ಹೇಳಿದ್ದಾರೆ. ಆಕೆ ಜೊತೆಗಿದ್ದರೆ ಮಾತ್ರ ದೊಡ್ಡ ಆಸ್ಪತ್ರೆಗೆ ಹೋಗುತ್ತೇನೆ ಎಂದಿದ್ದಾರೆ. ಬಳಗದ ಆದೇಶ ಪತ್ರ ಕೈಯಲ್ಲಿಲ್ಲದೆ ವಿದ್ಯಾವತಿ ಯಾವ ನೆಪದಲ್ಲಿ ವಿಜಯಪುರದ ಬಸ್ ಹತ್ತಬೇಕು? ಇದು ಅಂಕದ ಮಾತಲ್ಲ. ಗಂಟು ಸಮಿತಿಯ ಸಭೆಗಾಗಿ ಕಾಯುವುದಿಲ್ಲ.

ನಿಷತ


ಇಂಡಿ
24 ಜನವರಿ 2025

ಶ್ರೀಮತಿ ನಿಷತ ಅವರಿಗೆ,

ನಮ್ಮ ಮನೆಯ ಸೊಸೆಯರ ಹೆಸರು ಎತ್ತುವ ಅಗತ್ಯವಿರಲಿಲ್ಲ.

ಸಮಿತಿ ತೀರ್ಮಾನ ಮಾಡಿ ಆಗಿದೆ. ಅನಿಲನಿಗೆ ಆದೇಶ ಪತ್ರ ಹೋಗಿದೆ. ಫೆಬ್ರವರಿ 9, ರವಿವಾರ, ಮಸೂತಿಯ ಶಾಲೆಯಲ್ಲಿ ತಪಾಸಣಾ ಶಿಬಿರ ನಡೆಯಲಿದೆ. ಗಂಟು ಇದೆ ಎಂದು ನೀವು ಬರೆದ ಹೆಂಗಸು ಅಲ್ಲಿಗೇ ಬರಬಹುದು, ಊರಲ್ಲೇ ಇರುವುದರಿಂದ ಬಸ್ಸಿನ ಪ್ರಶ್ನೆ ಬರುವುದಿಲ್ಲ.

ಅಂಥವರು ನಿಜವಾಗಿ ಇದ್ದಾರೆಯೇ ಎಂಬುದೂ ನನಗೆ ಅನುಮಾನ. ನೀವು ನಿಮ್ಮ ಹುಡುಗಿಯ ಮಾತನ್ನು ನಂಬಿದ್ದೀರಿ. ನಾನು ವಿಚಾರಿಸದೆ ಬಂದವನಲ್ಲ. ನನ್ನ ಅಕ್ಕ ರೇವವ್ವನನ್ನು ಕೊಟ್ಟಿದ್ದು ಅದೇ ಮಸೂತಿಗೆ, ಸಿದರಾಯ ಅವರ ಓಣಿಗೇ. ಸಂದರ್ಶನ ಮುಗಿಸಿ ಅವಳ ಮನೆಯಲ್ಲಿ ಊಟ ಮಾಡಿದೆ. ಓಣಿಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂಬುದೂ ಅವಳಿಗೆ ಗೊತ್ತಿರುತ್ತದೆ. "ಅಕ್ಕಾ, ನಿಮ್ಮೂರಾಗ ಹೆಣಮಕ್ಕಳಿಗೆ ಇಂಥಾ ತ್ರಾಸ ಯಾರಿಗರ ಐತೇನು?" ಎಂದು ನೇರವಾಗಿ ಕೇಳಿದೆ. "ಯಾರಿಗೂ ಇಲ್ಲೋ ತಮ್ಮಾ, ಉಣ್ಣು. ರೊಟ್ಟಿ ಆರತಾವು" ಎಂದಳು. ಅವಳಿಗೇ ಈಗ ವಯಸ್ಸಾಯಿತು, ಎಡಗೈ ಎತ್ತಲು ಬರುವುದಿಲ್ಲವಂತೆ, ಪಕ್ಕದ ಮನೆಯ ಹುಡುಗಿ ಬಂದು ರೊಟ್ಟಿ ಬಡಿದು ಕೊಟ್ಟಳು. ಇಲ್ಲದಿದ್ದರೆ ಓಣಿಯನ್ನೆಲ್ಲ ಸುತ್ತಿ ಬಂದೇ ಉತ್ತರ ಹೇಳುತ್ತಿದ್ದಳು.

ಆದ್ದರಿಂದ ಇಲ್ಲದ ರೋಗಿಯ ಹೆಸರಲ್ಲಿ ಸಮಿತಿಯ ಮೇಲೆ ಒತ್ತಡ ತರಬೇಡಿ.

ಗುರುಲಿಂಗಪ್ಪ


ತಂಗಡಗಿ
28 ಜನವರಿ 2025

ಗುರುಲಿಂಗಪ್ಪ ಅವರಿಗೆ,

ನಿಮ್ಮ ಪತ್ರ ನಿನ್ನೆ ತಲುಪಿತು. ಅದಕ್ಕೆ ಉತ್ತರ ನನ್ನಲ್ಲಿದೆ. ಬರೆಯಲಾರೆ.

ರಾಯಭಾರಿಗೆ ಹೇಳಿಕೊಂಡ ಹೆಂಗಸಿನ ಗುರುತು ಮಾರ್ಗದರ್ಶಿಯ, ಅಂದರೆ ನನ್ನ, ಹೊರತು ಯಾರಿಗೂ ಹೋಗಬಾರದು, ಆಕೆಯ ಗಂಡನಿಗೂ, ತವರಿನವರಿಗೂ ಹೋಗಬಾರದು ಎಂಬ ನಿಯಮವನ್ನು ಬಳಗಕ್ಕೆ ಬರೆದುಕೊಟ್ಟವರು ನೀವು. ನಾನು ಅದನ್ನು ವಿದ್ಯಾವತಿಗೆ ಕಲಿಸಿದೆ. ಆಕೆ ಪಾಲಿಸುತ್ತಿದ್ದಾಳೆ. ನಾನೂ ಪಾಲಿಸುತ್ತೇನೆ.

ಒಂದೇ ಮಾತು ಕೇಳುತ್ತೇನೆ. ಶಿಬಿರಕ್ಕೆ ಮೊದಲು ಇನ್ನೊಮ್ಮೆ ಮಸೂತಿಗೆ ಹೋಗಿ. ಅನಿಲನನ್ನು ಕರೆದುಕೊಂಡು ಹೋಗಬೇಡಿ, ಪಡಸಾಲೆಯಲ್ಲಿ ಕೂಡಬೇಡಿ. ಸಾಧ್ಯವಾದರೆ ಚಿಗವ್ವನನ್ನು, ಅಂದರೆ ನಿಮ್ಮ ಮನೆಯವರನ್ನು, ಕಳಿಸಿ. ಅವರು ನಿಮ್ಮ ಅಕ್ಕನ ಮನೆಯಲ್ಲಿ ಎರಡು ದಿನ ಉಳಿದು ಬರಲಿ.

ನಿಷತ


ಇಂಡಿ
11 ಫೆಬ್ರವರಿ 2025

ಶ್ರೀಮತಿ ನಿಷತ ಅವರಿಗೆ,

ನನ್ನ ಹೆಂಡತಿ ಎಲ್ಲಿ ಹೋಗಬೇಕು, ಯಾರ ಮನೆಯಲ್ಲಿ ಎಷ್ಟು ದಿನ ಉಳಿಯಬೇಕು ಎಂಬುದನ್ನು ಬಳಗದ ಮಾರ್ಗದರ್ಶಿ ತೀರ್ಮಾನಿಸುವುದಿಲ್ಲ. ಉತ್ತರ ಇದೆ, ಬರೆಯಲಾರೆ ಎಂಬುದು ಬೆದರಿಕೆಯ ಭಾಷೆ. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ಶಿಬಿರ ನಡೆಯಿತು. ಅನಿಲ ಟಂಟಂ ಆಟೋಕ್ಕೆ ಮೈಕ್ ಕಟ್ಟಿ ಎರಡು ದಿನ ಊರೆಲ್ಲ ಸಾರಿದ್ದ. ಗಂಡಸರು ತುಂಬಾ ಸೇರಿದ್ದರು, ರಕ್ತದೊತ್ತಡ, ಸಕ್ಕರೆ ನೋಡಿಸಿಕೊಂಡು ಹೋದರು. ಎದೆಯ ತಪಾಸಣೆಗೆ ಬಂದ ಹೆಂಗಸರು ಮೂವರು. ಮೂವರೂ ಅನಿಲನ ಮನೆಯವರು. ಕಡಲೆ ಕೀಳುವ ದಿನಗಳಾದ್ದರಿಂದ ಹೆಣ್ಣುಮಕ್ಕಳಿಗೆ ಬಿಡುವಿರಲಿಲ್ಲ ಎಂದು ವರದಿಯಲ್ಲಿ ಬರೆದಿದ್ದೇನೆ.

ನನ್ನ ಅಕ್ಕ ಗೇಟಿನತನಕ ಬಂದಿದ್ದಳು. ಜೊತೆಗೆ ಓಣಿಯ ಯಾರೋ ಸೊಸೆ, ಮುಖದ ಮೇಲೆ ಸೆರಗು. "ಒಳಗ ಬಾ ಅಕ್ಕಾ" ಎಂದು ವೇದಿಕೆಯಿಂದಲೇ ಕರೆದೆ. "ನಾ ಮೊಮ್ಮಗನ್ನ ಹುಡಕಾಕ ಬಂದೇನೋ ತಮ್ಮಾ, ನೀ ನಿನ್ನ ಕೆಲಸ ಮಾಡು" ಎಂದು ತಿರುಗಿ ಹೋದಳು. ನೀವು ಹೇಳಿದ ರೋಗಿ ಮಾತ್ರ ಬರಲಿಲ್ಲ.

ಗುರುಲಿಂಗಪ್ಪ


ತಂಗಡಗಿ
14 ಫೆಬ್ರವರಿ 2025

ಗುರುಲಿಂಗಪ್ಪ ಅವರಿಗೆ,

ರೋಗಿ ಬಂದಿದ್ದರು. ಇದನ್ನು ನನಗೆ ಹೇಳಿದವಳು ವಿದ್ಯಾವತಿ, ಅಂದೇ ಸಂಜೆ, ಫೋನಿನಲ್ಲಿ ಅಳುತ್ತಾ. ಆರು ತಿಂಗಳಲ್ಲಿ ಆಕೆ ಅತ್ತದ್ದನ್ನು ನಾನು ಕೇಳಿರಲಿಲ್ಲ.

ಆ ಹೆಂಗಸನ್ನು ಆಕೆ ಗೇಟಿನತನಕ ನಡೆಸಿಕೊಂಡು ಬಂದಳು. ಕೊರಳಲ್ಲಿ ಬಳಗದ ಗುರುತಿನ ಚೀಟಿ ಇಲ್ಲದ್ದಕ್ಕೆ ವಿದ್ಯಾವತಿಯನ್ನು ಅಲ್ಲೇ ತಡೆದರು. ಚೀಟಿ ಇದ್ದವನು ಅನಿಲ. ಅವನು ಪೆನ್ನು ಹಿಡಿದು, ಹಿಂದೆ ಗಂಡಸರ ಸಾಲು ನಿಂತಿರುವಾಗ, ಆ ಹೆಂಗಸನ್ನು ಕೇಳಿದ: "ಆಯೀ, ಗಂಟ ಯಾ ಬಾಜೂಕ ಐತಿ? ಎಡಕೋ ಬಲಕೋ? ಬರಕೋಬೇಕು." ಸಾಲಿನಲ್ಲಿ ಯಾರೋ ನಕ್ಕರು. ಆಕೆ ಏನೋ ಒಂದು ನೆಪ ಹೇಳಿ ಮನೆಗೆ ಹೋದರು. ಮರುದಿನ ಬಾಗೇವಾಡಿಯ ಬಸ್ ಹಿಡಿದು ನಾನೇ ಮಸೂತಿಗೆ ಹೋದೆ. ಊರಿಗೆ ನರ್ಸ್ ಬಂದಳೆಂದು ಓಣಿಯ ಹುಡುಗರೆಲ್ಲ ಹಿಂದೆ ಬಂದರು. ಆ ಹೆಂಗಸು ಬಾಗಿಲು ತೆರೆಯಲಿಲ್ಲ.

ಕಡಲೆ ಕೀಳುವ ದಿನಗಳೆಂದು ವರದಿಯಲ್ಲಿ ಬರೆದಿರಿ. ಸುಳ್ಳು ಬರೆದಿರಿ. ರವಿವಾರ ಮಸೂತಿಯ ಹೆಂಗಸರು ಊರಲ್ಲೇ ಇದ್ದರು. ಹಿಟ್ಟಿನ ಗಿರಣಿಯ ಹಿಂದೆ ನಿಂತು, ಯಾರು ಒಳಗೆ ಹೋಗುತ್ತಾರೆ ಎಂದು ನೋಡುತ್ತಿದ್ದರು. ಯಾರೂ ಹೋಗಲಿಲ್ಲ. ಆ ಊರಿನ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಯಾವ ಮಾವನೂ ಬೇಕಾಗಲಿಲ್ಲ. ನಮ್ಮ ಬಳಗ ಸಾಕಾಯಿತು.

ಬೆದರಿಕೆ ಎಂದಿರಿ. ಇರಲಿ. ಇನ್ನು ನಿಮಗೆ ಬರೆಯುವುದಿಲ್ಲ.

ನಿಷತ


ಇಂಡಿ
2 ಮಾರ್ಚ್ 2025

ನಿಷತ,

ನನ್ನ ಅಕ್ಕನ ಮೊಮ್ಮಗ ಸೋಲಾಪುರದಲ್ಲಿ ಓದುತ್ತಾನೆ. ಶಿಬಿರದ ದಿನ ಅವನು ಮಸೂತಿಯಲ್ಲಿ ಇರಲಿಲ್ಲ. ಇದು ನನಗೆ ಹೊಳೆದದ್ದು ಗೇಟಿನಲ್ಲಿ ನಡೆದದ್ದನ್ನು ನಿನ್ನ ಪತ್ರದಲ್ಲಿ ಓದಿದ ಮೇಲೆ. ಅಕ್ಕ ಬಂದದ್ದನ್ನೂ, ಹೇಳಿದ ನೆಪವನ್ನೂ ನಾನೇ ನಿನಗೆ ಬರೆದಿದ್ದೆ.

ಕೂಡಲೇ ಮಸೂತಿಗೆ ಹೋಗಲಿಲ್ಲ. ಹೋಗಲು ಕಾಲು ಬರಲಿಲ್ಲ. ಕಳೆದ ವಾರ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಅಕ್ಕನೊಂದಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಅವಳ ಮುಖ ನೋಡಿದೆ, ಕೇಳುವುದು ಉಳಿದಿರಲಿಲ್ಲ. ಗಂಟು ಎಡಗಡೆ ಇದೆ. ದೀಪಾವಳಿಗೂ ಮೊದಲಿನಿಂದ ಇದೆ. ನಾನು ಅಕ್ಕನ ಎದುರು ಕೂತು ರೊಟ್ಟಿ ತಿನ್ನುವಾಗ ಇತ್ತು.

"ಯಾಕ ಹೇಳಲಿಲ್ಲ ಅಕ್ಕಾ?" ಎಂದೆ.

"ನಿನ್ನ ಮುಂದ ಏನಂತ ಹೇಳ್ಲೋ ಖೋಡಿ? ನೀ ನನ್ನ ತಮ್ಮ. ಹೇಳಬೇಕಾದಾಕಿಗೆ ಹೇಳಿದ್ನಿ. ಆಕೀನ ನೀವ ಗೇಟಿನ ಹೊರಗ ನಿಲ್ಲಿಸಿದ್ರಿ."

ಸಿದರಾಯ ಅವರ ಮನೆಗೂ ಹೋದೆ. ವಿದ್ಯಾವತಿಯನ್ನು ಆಸ್ಪತ್ರೆಗೆ ಕಳಿಸಿಕೊಡಿ ಎಂದು ಕೈಮುಗಿದೆ. ಅವರು ಬೆರಗಾದರು. "ನಾ ಯಾವಾಗ ಬ್ಯಾಡ ಅಂದೇನ್ರಿ ಸಾಹೇಬ್ರ? ನಿಮ್ಮ ಕಾಗದ ಬರ್ತೈತಿ ಅಂತ ದಾರಿ ಕಾಯಾಕತ್ತಿದ್ನಿ. ಬಂದಿದ್ರ ನಾನ ಬಸ್ ಹತ್ತಿಸಿ ಬರ್ತಿದ್ನಿ. ಬ್ಯಾಡ ಅಂತ ಬರದೋರು ನೀವರೀ." ಒಳಗಿನಿಂದ ಚಹಾ ಬಂತು. ಕುಡಿಯಲಾಗಲಿಲ್ಲ.

ಆದೇಶ ಪತ್ರವನ್ನು ಈ ಪತ್ರದೊಂದಿಗೆ ಕಳಿಸಿದ್ದೇನೆ. ಸಮಿತಿಯನ್ನು ಕೇಳಿಲ್ಲ. ನನ್ನ ಸಹಿ ಇದೆ.

ಇಷ್ಟು ಬರೆದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಅವಳು ನನ್ನ ಒಡಹುಟ್ಟಿದವಳು. ನಿನಗೆ ಗೊತ್ತಿತ್ತು. "ನಿಮ್ಮ ಅಕ್ಕ" ಎಂಬ ಎರಡು ಶಬ್ದ ಬರೆದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ನಿಯಮ ದೊಡ್ಡದೋ, ಜೀವ ದೊಡ್ಡದೋ? ಇದಕ್ಕೂ ಬರೆದೇ ಉತ್ತರ ಕೊಡು.

ಗುರುಲಿಂಗಪ್ಪ


ತಂಗಡಗಿ
5 ಮಾರ್ಚ್ 2025

ಗುರುಲಿಂಗಪ್ಪ ಕಾಕಾ ಅವರಿಗೆ,

ಆದೇಶ ಪತ್ರವನ್ನು ವಿದ್ಯಾವತಿಗೆ ನಿನ್ನೆ ಮುಟ್ಟಿಸಿದ್ದೇನೆ. ಓದಿ ಮಡಚಿದಳು. "ಇದು ಜನವರಿಯಾಗ ಬರಬೇಕಿತ್ರಿ ಸಿಸ್ಟರ್" ಎಂದಳು. ಸಂತೋಷಪಡಲಿಲ್ಲ. ಮಾವನಿಗೆ ತೋರಿಸಲು ಒಯ್ದಳು.

ರೇವವ್ವ ನಿಮ್ಮ ಅಕ್ಕ ಎಂದು ನನಗೆ ತಿಳಿದದ್ದು ನಿಮ್ಮ ಜನವರಿ 24ರ ಪತ್ರದಿಂದ. ಆ ದಿನ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಬರೆದಿದ್ದರೆ ಏನಾಗುತ್ತಿತ್ತು ಎಂದು ಹೇಳುತ್ತೇನೆ. ನೀವು ಅಂದೇ ಮಸೂತಿಗೆ ಓಡುತ್ತಿದ್ದಿರಿ, ಅಕ್ಕನೆದುರು ನಿಂತು ಕೇಳುತ್ತಿದ್ದಿರಿ, ಅವರು ಇಲ್ಲ ಅನ್ನುತ್ತಿದ್ದರು. ವಿದ್ಯಾವತಿಗೆ ಹೇಳಿದ ಮಾತು ಇಂಡಿಯತನಕ ಹೋಯಿತು ಎಂದು ಓಣಿಗೆಲ್ಲ ತಿಳಿಯುತ್ತಿತ್ತು. ಆಮೇಲೆ ಮಸೂತಿಯಲ್ಲಿ ಯಾವ ಹೆಂಗಸೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ನಾನು ಹೀಗೆ ಲೆಕ್ಕ ಹಾಕಿದೆ. ಲೆಕ್ಕ ತಪ್ಪಿದ್ದರೆ ಅದರ ಭಾರ ನನ್ನದು, ಹೊರುತ್ತೇನೆ. ಆದರೆ ಆ ಒಂದು ತಿಂಗಳನ್ನು ಕಳೆದದ್ದು ನಾನಲ್ಲ. ಆದೇಶ ಪತ್ರಕ್ಕೆ ಆಗ ಬೇಕಾಗಿದ್ದದ್ದೂ ನಿಮ್ಮ ಇದೇ ಸಹಿ.

ನಿಮ್ಮ ಸಿಟ್ಟು ಇಳಿದಿಲ್ಲ ಎಂದಿರಿ. ನನ್ನದೂ ಇಳಿದಿಲ್ಲ. ರೋಗಿ ನಿಮ್ಮ ಅಕ್ಕ ಎಂದು ಗೊತ್ತಾದ ಮೇಲೆ ಸಹಿ ಬಂತು. ಅವರು ಬೇರೆ ಯಾರದೋ ಅಕ್ಕ ಆಗಿದ್ದರೆ ಇಂದಿಗೂ ಕಡಲೆ ಕೀಳುವ ಕಾರಣವೇ ವರದಿಯಲ್ಲಿ ಇರುತ್ತಿತ್ತು. ಆ ವರದಿಯನ್ನು ತಿದ್ದಿ ಬರೆಯಿರಿ. ಮನೆಯ ಹಿರಿಯರೆದುರು ಸೊಸೆಯರ ಸಂದರ್ಶನ ನಡೆಸಬಾರದು ಎಂಬ ಮಾತನ್ನು ನಾನು ಸಮಿತಿಯ ಮುಂದೆ ಇಡುತ್ತೇನೆ, ನೀವು ಒಪ್ಪಿದರೂ, ಒಪ್ಪದಿದ್ದರೂ. ಸಿಂದಗಿಯ ಆ ಇಬ್ಬರನ್ನು ಬಿಟ್ಟರೂ, ಹೀಗೇ ಕೈಬಿಟ್ಟ ಇನ್ನೂ ಕೆಲವರು ಇಂಡಿ, ಸಿಂದಗಿ ತಾಲೂಕುಗಳಲ್ಲಿದ್ದಾರೆ. ಅವರ ಹೆಸರುಗಳನ್ನೂ ತರುತ್ತೇನೆ. ಸಭೆ ಮಾರ್ಚ್ 15, ಶನಿವಾರ, ಬಾಗೇವಾಡಿ ಕಚೇರಿಯಲ್ಲಿ.

ತಪಾಸಣೆ ಮಾರ್ಚ್ 10, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ವಿಜಯಪುರದಲ್ಲಿ. ಅಕ್ಕನ ಜೊತೆಗೆ ವಿದ್ಯಾವತಿ ಹೋಗುತ್ತಾಳೆ. ಬಸ್ ನಿಲ್ದಾಣದತನಕ ಸಿದರಾಯ ಬರುತ್ತಾರೆ. ನೀವು ಬರುವುದು ಬೇಡ ಎಂದು ಅಕ್ಕ ಹೇಳಿಕಳಿಸಿದ್ದಾರೆ. ಆಸ್ಪತ್ರೆಯ ವರದಿ ಗುರುವಾರ ಸಿಗುತ್ತದೆ. ಅದನ್ನು ಅಕ್ಕನ ಕೈಗೇ ಕೊಡುತ್ತಾರೆ.

ನಿಷತ